ತೊಂಬತ್ತು ದಿನ ಅಂದರೆ ಎಷ್ಟು ದಿನ?

ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ ಬಾಡಿಗೆಗೆ ಕೊಟ್ಟು ಬಿಡಿಸಿಕೊಳ್ಳಲಾಗದವರು, ಸಿರುಗುಪ್ಪದಲ್ಲಿ ಅಣ್ಣನ ಹತ್ತಿರ ಗದ್ದೆಯ ಪಾಲು ಕೇಳುತ್ತಿರುವ ತಂಗಿಯರು, ಕುರುಗೋಡಿನಲ್ಲಿ ಕೈಗಡ ಕೊಟ್ಟು ಕೆಟ್ಟವರು, ಎಲ್ಲರೂ ಕೇಳಿ. ಕೋರ್ಟಿನಲ್ಲಿ ಕ್ಯಾಲೆಂಡರು ಎರಡಿವೆ.

ಒಂದು ವಾದಿಯದು. ಕೈಗಡದ ದಾವೆಗೆ 3 ವರ್ಷ ಗಡುವು. ಒಂದು ದಿನ ಮೀರಿದರೂ ದಾವೆ ವಜಾ. ತಡವನ್ನು ಮನ್ನಿಸುವ ಕಾಲಮಿತಿ ಕಾಯ್ದೆಯ 5ನೇ ಕಲಂ ಮೇಲ್ಮನವಿಗೆ ಇದೆ, ಅರ್ಜಿಗೆ ಇದೆ, ದಾವೆಗೆ ಇಲ್ಲ. ಆಸ್ಪತ್ರೆಯಲ್ಲಿದ್ದೆ ಎನ್ನಿ, ಅಪ್ಪ ತೀರಿಕೊಂಡ ಎನ್ನಿ. ಬಾಗಿಲು ಮುಚ್ಚಿದೆ.

ಇನ್ನೊಂದು ಪ್ರತಿವಾದಿಯದು. ಸಮನ್ಸ್ ಮುಟ್ಟಿದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣವಿದ್ದರೆ, ಆ ಕಾರಣವನ್ನು ನ್ಯಾಯಾಧೀಶರು ಬರೆದಿಟ್ಟರೆ, 90 ದಿನ. ಅದರಾಚೆ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮ ಇದು. ಓದಿ ಸಂತೋಷಪಡಿ. ಅದಕ್ಕಿಂತ ಹೆಚ್ಚಿನ ಉಪಯೋಗ ಅದರಿಂದಿಲ್ಲ.

1999ರಲ್ಲಿ ಸಂಸತ್ತು ಬರೀ 30 ದಿನ ಎಂದಿತ್ತು. ವಕೀಲರು ಬೀದಿಗಿಳಿದರು. ತಿದ್ದುಪಡಿ ಜಾರಿಯಾಗದೆ ಮಲಗಿತು. 2002ರಲ್ಲಿ 90 ಆಗಿ ಎದ್ದಿತು. 2005ರಲ್ಲಿ ಕೈಲಾಶ್ ವಿರುದ್ಧ ನನ್ಹಕು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ 90 ಕಡ್ಡಾಯವೇನಲ್ಲ ಎಂದಿತು. ಪ್ರಕ್ರಿಯೆ ನ್ಯಾಯದ ದಾಸಿ ಎಂದೂ ವಿವರಿಸಿತು. ದಾಸಿ ಅಂದಿನಿಂದ ಪ್ರತಿವಾದಿಯ ಮನೆಯಲ್ಲೇ ಕೆಲಸಕ್ಕಿದ್ದಾಳೆ.

ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತ್ತು. ಗಡುವು ಮೀರಿ ಸಮಯ ಕೊಡುವುದು ವಾಡಿಕೆಯಾಗಬಾರದು, ಕಾರಣ ಬರೆಯಬೇಕು, ಖರ್ಚು ಹಾಕಬಹುದು. ಆ ಪುಟ ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಐ.ಎ. ಎಂಬ ಮಧ್ಯಂತರ ಅರ್ಜಿ ಹಾಕಿ, ಕಕ್ಷಿದಾರ ಊರಲ್ಲಿರಲಿಲ್ಲ ಎನ್ನಿ, ಮುಗಿಯಿತು. ಊರಲ್ಲಿಲ್ಲದ ಆ ಕಕ್ಷಿದಾರ ನಿಮ್ಮ ಮನೆಯಲ್ಲೇ ಬಾಡಿಗೆ ಕೊಡದೆ ಕೂತಿರುತ್ತಾನೆ. ನ್ಯಾಯದ ಹಿತದೃಷ್ಟಿಯಿಂದ ಅರ್ಜಿ ಮಂಜೂರು. ಖರ್ಚು ಹಾಕಿದರೆ, ನೀವು ಕೋರ್ಟಿಗೆ ಬಂದುಹೋದ ಆಟೋಗೂ ಸಾಲದಷ್ಟು.

ನ್ಯಾಯಾಧೀಶರು ಬಿಗಿಯಾದರೋ? ಹೈಕೋರ್ಟಿನ ಧಾರವಾಡ ಪೀಠವಿದೆ. ರಿಟ್ ಹಾಕಿದರಾಯಿತು. ಬಳ್ಳಾರಿಯಿಂದ 200 ಕಿ.ಮೀ.ಗೂ ದೂರ. ತಡ ಮಾಡಿದವನು ಅವನು, ಬಸ್ಸು ಹತ್ತಿ ಹೊಸ ವಕೀಲರನ್ನು ಹುಡುಕಬೇಕಾದವರು ನೀವು.

ಪ್ರತಿವಾದಿ ಸರ್ಕಾರವೇ ಆದರಂತೂ ಕೇಳಲೇಬೇಡಿ. ದಾವೆಗೆ 2 ತಿಂಗಳು ಮೊದಲೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸು ಕೊಡಬೇಕು. ಯೋಚಿಸಲು ಸಮಯ ಬೇಕಂತೆ. ದಾವೆ ಹೂಡಿದ ಮೇಲೆ ಮತ್ತೆ 2 ತಿಂಗಳವರೆಗೆ ವಿಸ್ತರಣೆ. ಅದೂ ಮುಗಿದಾಗ ಕೇಳುವ ಉತ್ತರ: ‘ಇಲಾಖೆಯಿಂದ ಪ್ಯಾರಾವೈಸ್ ರಿಮಾರ್ಕ್ಸ್ ಬಂದಿಲ್ಲ ಸ್ವಾಮಿ.’ ಇಲಾಖೆ ಎಲ್ಲಿದೆ? ಅದೇ ಊರಲ್ಲಿ.

ನಮ್ಮ ಕೋರ್ಟುಗಳಿಗೆ ದಿನ ಎಣಿಸಲು ಬರುವುದಿಲ್ಲ ಎಂದುಕೊಂಡಿರಾ? ಚೆನ್ನಾಗಿ ಬರುತ್ತದೆ. ವಾಣಿಜ್ಯ ದಾವೆಯಲ್ಲಿ 120 ದಿನ ಕಳೆದರೆ ಹೇಳಿಕೆ ಸಲ್ಲಿಸುವ ಹಕ್ಕೇ ಹೋಯಿತು ಎಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗ್ರಾಹಕ ವ್ಯಾಜ್ಯದಲ್ಲಿ 45 ದಿನದ ಮೇಲೆ ಒಂದು ದಿನವೂ ಇಲ್ಲ ಎಂದು 2020ರ ಮಾರ್ಚ್‌ನಲ್ಲಿ ಐವರ ಪೀಠ ಹೇಳಿತು. ಅದೇ ವರ್ಷದ ಜನವರಿಯಲ್ಲಿ, ದೇಶ್ ರಾಜ್ ಪ್ರಕರಣದಲ್ಲಿ, ಸಾಮಾನ್ಯ ಸಿವಿಲ್ ದಾವೆಗೆ ಮಾತ್ರ ಹಳೆಯ ವಿವೇಚನೆಯೇ ಉಳಿಯಿತು. ಕೆಟ್ಟ ಫ್ರಿಜ್ಜಿಗೆ 45. ಕಂಪನಿಗೆ 120. ತಂಗಿಯ ಪಾಲಿಗೆ ದೇವರಿಚ್ಛೆ.

ವಿವೇಚನೆಯೇ ಬೇಡ ಎನ್ನುವುದು ಕಟುಕತನ. ಓದು ಬಾರದೆ ಸಮನ್ಸನ್ನು ಕರೆಂಟ್ ಬಿಲ್ಲಿನ ಜತೆ ಗೂಡಿಗೆ ಸೇರಿಸಿಟ್ಟ ಮುದುಕಿ ಇರುತ್ತಾಳೆ. ವಿವೇಚನೆ ಇರುವುದು ಅವಳಿಗಾಗಿ. ಅದನ್ನು ಉಣ್ಣುತ್ತಿರುವವರು ಇಬ್ಬಿಬ್ಬರು ವಕೀಲರನ್ನು ಇಟ್ಟುಕೊಂಡವರು.

ಮಾನ್ಯ ನ್ಯಾಯಾಧೀಶರೇ, 91ನೇ ದಿನ ಬಂದವನಿಗೆ ಬೇಕಾದರೆ ಸಮಯ ಕೊಡಿ. ಯಾಕೆ ಕೊಟ್ಟಿರಿ ಎಂದು ಆದೇಶದಲ್ಲಿ ಬರೆಯಿರಿ. ವಾದಿಗಾದ ನಷ್ಟಕ್ಕೆ ತಕ್ಕ ಖರ್ಚು ಹಾಕಿ. ಅದನ್ನು ಕಟ್ಟಿದ ಮೇಲೆ ಅವನ ಕಾಗದ ಮುಟ್ಟಿ.