ಫಾಸ್ಟ್ಯಾಗ್ ಇಲ್ಲದೆ ಬಂದ ಮಳೆರಾಯರಿಗೆ

ಮಹಾರಾಜಶ್ರೀ ಮಳೆರಾಯರ ಸನ್ನಿಧಾನಕ್ಕೆ, ಹೆದ್ದಾರಿ ಪಕ್ಕದ ರೇಷ್ಮೆ ಬೆಳೆಗಾರನ ನಮಸ್ಕಾರಗಳು.

ಮೊದಲಿಗೆ ಒಂದು ತಿದ್ದುಪಡಿ. 2025ರಿಂದ ನಮ್ಮ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ. ವಿಳಾಸ ತಿದ್ದಿಕೊಳ್ಳಿ. ಇಳಿಜಾರು ಮಾತ್ರ ಹಳೆಯದೇ. ಅದನ್ನು ಬದಲಿಸಲು ಇನ್ನೂ ಯಾರೂ ಆದೇಶ ಹೊರಡಿಸಿಲ್ಲ.

ತಮ್ಮ ಮೇಲೊಂದು ದೂರಿದೆ. 2022ರ ಆಗಸ್ಟ್ ಕೊನೆಯಲ್ಲಿ ಬಂದು ರಾಮನಗರದ ಹತ್ತಿರ ಹೊಸ ಹೆದ್ದಾರಿಯನ್ನು ಮುಳುಗಿಸಿದಿರಿ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಅಂತ ಸುಮ್ಮನಾದೆವು. ಗೃಹಪ್ರವೇಶಕ್ಕೆ ಮೊದಲೇ ನೆಂಟರು ಬಂದರೆ ಮನೆಯವರದ್ದೇನು ತಪ್ಪು? ಆದರೆ 2023ರ ಮಾರ್ಚ್ 12ರಂದು ಪ್ರಧಾನಿಗಳು 118 ಕಿ.ಮೀ. ಉದ್ದದ, ಸುಮಾರು 8,480 ಕೋಟಿ ರೂಪಾಯಿಯ ಬೆಂಗಳೂರು–ಮೈಸೂರು ದಶಪಥ ಉದ್ಘಾಟಿಸಿ ವಾರ ತುಂಬಿರಲಿಲ್ಲ, ಸಂಗಬಸವನದೊಡ್ಡಿ ಅಂಡರ್‌ಪಾಸಿನಲ್ಲಿ ಬಂದು ಕೂತೇಬಿಟ್ಟಿರಲ್ಲ! ಟೋಲ್ ವಸೂಲಿ ಶುರುವಾಗಿತ್ತು. ತಾವು ಒಂದು ಪೈಸೆ ಬಿಚ್ಚಲಿಲ್ಲ.

ಮಾಗಡಿ ಕೆಂಪೇಗೌಡರು ಕೆರೆ ಕಟ್ಟಿಸಿದ್ದೂ ನೀರು ನಿಲ್ಲಲಿ ಅಂತಲೇ. ಅದಕ್ಕೂ ತೂಬಿತ್ತು, ಕೋಡಿಯಿತ್ತು. ಎರಡೂ ಇಲ್ಲದ ಕೆರೆಯನ್ನು ಒಂದೇ ರಾತ್ರಿಯಲ್ಲಿ ತುಂಬಿಸಿದ ಕೀರ್ತಿ ನಮ್ಮ ಕಾಲದ್ದು.

ತಪ್ಪು ಯಾರದ್ದೆಂದು ಹೆದ್ದಾರಿ ಪ್ರಾಧಿಕಾರ ಕೂಡಲೇ ಪತ್ತೆ ಮಾಡಿತು. ಮಾದಾಪುರದ ಕಡೆಯ ಹಳ್ಳಿಯವರು ಓಡಾಡಲು ಚರಂಡಿಗೆ ಮಣ್ಣು ಸುರಿದು ದಾರಿ ಮಾಡಿಕೊಂಡಿದ್ದರಂತೆ. ನೀರು ಕಟ್ಟಿಕೊಂಡು ತಿರುಗಿತಂತೆ. ಇರಬಹುದು. ಮಣ್ಣು ಸುರಿಯುವ ಚಪಲ ನಮಗೇನೂ ಇಲ್ಲ, ಬುಟ್ಟಿ ಹೊತ್ತರೆ ಕತ್ತು ನೋಯುತ್ತದೆ. ಹಿಪ್ಪುನೇರಳೆ ಹೊಲ ಆಚೆ, ಹುಳದ ಮನೆ ಈಚೆ. ನಾಲ್ಕನೇ ಸಲ ಪೊರೆ ಬಿಟ್ಟು ‘ಜ್ವರ’ದಿಂದ ಎದ್ದ ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು, ಮುಂದಿನ ಅಂಡರ್‌ಪಾಸ್ ಎಲ್ಲಿದೆ ಅಂತ ಅದು ಕೇಳುವುದಿಲ್ಲ.

ಆಮೇಲೇನಾಯಿತು ಗೊತ್ತೇ? ಮಣ್ಣು ತೆಗೆದು, 1.2 ಮೀಟರ್ ವ್ಯಾಸದ ಪೈಪುಗಳನ್ನು ಎರಡು ಸಾಲು ಹಾಕಿ, ಅದರ ಮೇಲೆ ದಾರಿ ಬಿಡುವುದಾಗಿ ಪ್ರಾಧಿಕಾರವೇ ಹೇಳಿತು. ಅಂದರೆ ದಾರಿ ಬೇಕಿತ್ತು, ನೀರಿಗೂ ಬೇಕಿತ್ತು, ನಮಗೂ ಬೇಕಿತ್ತು. ನಕ್ಷೆಯಲ್ಲಿ ಇಬ್ಬರೂ ಇರಲಿಲ್ಲ. ಇಂಜಿನಿಯರುಗಳಿಗೂ ನಮಗೂ ಇದ್ದ ಭಿನ್ನಾಭಿಪ್ರಾಯ ಬರೀ ಎರಡು ಸಾಲು ಪೈಪಿನದು!

2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಎಕ್ಸ್‌ಪ್ರೆಸ್‌ವೇ ಹತ್ತುವಂತಿಲ್ಲ. ಗೂಡಿನ ಮೂಟೆ ಕಟ್ಟಿಕೊಂಡು ನಾವು ಸರ್ವೀಸ್ ರಸ್ತೆಯಲ್ಲೇ ಮಾರುಕಟ್ಟೆಗೆ ಹೋಗುತ್ತೇವೆ. ನಿಷೇಧದ ಪಟ್ಟಿಯಲ್ಲಿ ತಮ್ಮ ಹೆಸರು ಹೇಗೆ ಬಿಟ್ಟುಹೋಯಿತೋ.

ಚನ್ನಪಟ್ಟಣ, ಕನಕಪುರದ ಕಡೆ ಮುಂದೆ ಸೇತುವೆಗೋ ಕೂಡುರಸ್ತೆಗೋ ಅಳತೆ ಹಿಡಿಯುವವರು ಎಲ್ಲಾದರೂ ಕಂಡರೆ ದಯವಿಟ್ಟು ಒಂದು ಮಾತು ತಿಳಿಸಿ: ನೀರು ಯಾವ ಕಡೆ ಹರಿಯುತ್ತದೆ, ದನ ಎಲ್ಲಿ ದಾಟುತ್ತವೆ ಅಂತ ಕಾಂಕ್ರೀಟ್ ಸುರಿಯುವ ಮೊದಲೇ ಬಂದು ಕೇಳಲಿ. ಬೆಳಿಗ್ಗೆ ಸೊಪ್ಪು ಕೊಯ್ಯುವ ಹೊತ್ತಿಗೆ ಬಂದರೆ ಎಲ್ಲರೂ ಹೊಲದಲ್ಲೇ ಸಿಗುತ್ತೇವೆ.