ಇಪ್ಪತ್ತೆರಡು ಗಂಟೆಯ ವ್ರತ

ಮದುವೆಮನೆಯ ಪಂಕ್ತಿಯಲ್ಲಿ ಈಚೆಗೆ ಹೊಸದೊಂದು ಆಚಾರ ಸೇರಿಕೊಂಡಿದೆ. ಎಲೆ ಹಾಕಿ, ನೀರು ಚಿಮುಕಿಸಿ, ಉಪ್ಪು ಉಪ್ಪಿನಕಾಯಿಯವರು ಹತ್ತಿರ ಬರುವಷ್ಟರಲ್ಲಿ ಕೆಲವರು ಗೋಡೆಯ ಕಡೆ ಮುಖ ತಿರುಗಿಸಿ, ಬಾಯಿಗೆ ಬೆರಳು ಹಾಕಿ, ಏನನ್ನೋ ಟಪ್ಪೆಂದು ಕಿತ್ತು ಕರವಸ್ತ್ರದೊಳಗೆ ಮುಚ್ಚಿಡುತ್ತಾರೆ. ಹಿಂದೆ ಹೀಗೆ ಗೋಡೆಯ ಕಡೆ ತಿರುಗುತ್ತಿದ್ದವರು ಹಲ್ಲಿನ ಸೆಟ್ಟಿನ ತಾತಂದಿರು. ಅವರು ಊಟಕ್ಕೆಂದು ಹಾಕಿಕೊಳ್ಳುತ್ತಿದ್ದರು, ಇವರು ಊಟಕ್ಕೆಂದು ತೆಗೆಯುತ್ತಾರೆ. ಅಷ್ಟೇ ವ್ಯತ್ಯಾಸ. ಈ ಕಿತ್ತಿಟ್ಟ ವಸ್ತುವಿನ ಹೆಸರು ಅಲೈನರ್. ಸೊಟ್ಟ ಹಲ್ಲನ್ನು ನೇರ ಮಾಡುವ, ಕಂಡೂ ಕಾಣದ ಪ್ಲಾಸ್ಟಿಕ್ ಕವಚ. ಕಾಗದದ ಕರವಸ್ತ್ರದಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟವರು, ಎಲೆ ಎತ್ತುವವರು ಬಂದು ಹೋದ ಮೇಲೆ ಛತ್ರದ ಹಿತ್ತಲಿನಲ್ಲಿ ಹುಡುಕುತ್ತಿರುತ್ತಾರೆ.

ನಮ್ಮ ಕಾಲದಲ್ಲಿ ಹಲ್ಲಿಗೆ ‘ಕ್ಲಿಪ್ ಹಾಕಿಸುವುದು’ ಎಂಬುದೊಂದೇ ಇತ್ತು. ಅದೂ ಮದುವೆಗೆ ಬಂದ ಹೆಣ್ಣುಮಕ್ಕಳಿಗೆ ಮಾತ್ರ. ಗಂಡುಮಕ್ಕಳ ಉಬ್ಬುಹಲ್ಲನ್ನು ಮೀಸೆ ನೋಡಿಕೊಳ್ಳುತ್ತಿತ್ತು. ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಎಂದು ಅಜ್ಜಿಯರು ಹೇಳಿ, ದುಡ್ಡು ಉಳಿಸುತ್ತಿದ್ದರು. ಈಗ ಐವತ್ತು ದಾಟಿದ ನಮ್ಮ ಷಡ್ಡಕರೇ ಅಲೈನರ್ ಹಾಕಿಸಿಕೊಂಡು ಓಡಾಡುತ್ತಿದ್ದಾರೆ. ‘ಈ ವಯಸ್ಸಿನಲ್ಲಿ ಯಾರಿಗೆ ತೋರಿಸಬೇಕು ರೀ?’ ಎಂದು ಅವರ ಹೆಂಡತಿ ಕೇಳಿದ್ದು ಇಡೀ ಬಳಗಕ್ಕೆ ಗೊತ್ತು. ವೈದ್ಯರ ಲೆಕ್ಕದಲ್ಲಿ ಮಾತ್ರ ವಯಸ್ಸು ಅಡ್ಡಿಯಲ್ಲ. ಹಲ್ಲನ್ನು ಒಂದೇ ಸಮನೆ ಮೆಲ್ಲಗೆ ಒತ್ತಿದರೆ, ಒತ್ತಿದ ಕಡೆಯ ಮೂಳೆ ಕರಗಿ, ಬಿಟ್ಟುಬಂದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಇದು ಹದಿನೈದರಲ್ಲೂ ನಡೆಯುತ್ತದೆ, ಐವತ್ತೈದರಲ್ಲೂ ನಡೆಯುತ್ತದೆ. ಒಸಡು ಗಟ್ಟಿಯಿರಬೇಕು, ಅಷ್ಟೇ. ಒಸಡಿನಲ್ಲಿ ರಕ್ತ, ಹಲ್ಲಿನಲ್ಲಿ ಹುಳುಕು ಇದ್ದವರು ಮೊದಲು ಅದನ್ನು ವಾಸಿ ಮಾಡಿಕೊಳ್ಳಬೇಕು.

ಮೆತ್ತನೆಯ ಕವಚದಿಂದ ಹಲ್ಲು ಸರಿಸುವ ಯೋಚನೆ ಹೊಸದಲ್ಲ. 1945ರಲ್ಲೇ ಹೆರಾಲ್ಡ್ ಕೆಸ್ಲಿಂಗ್ ಎಂಬ ಅಮೆರಿಕದ ದಂತವೈದ್ಯ ರಬ್ಬರಿನದೊಂದನ್ನು ಮಾಡಿದ್ದ. ಅದನ್ನು ದೊಡ್ಡ ಉದ್ಯಮ ಮಾಡಿದವರು ಹಲ್ಲಿನ ವೈದ್ಯರೇ ಅಲ್ಲ. ಲಾಹೋರಿನಲ್ಲಿ ಬೆಳೆದ ಜಿಯಾ ಚಿಶ್ತಿ, ದೊಡ್ಡವನಾದ ಮೇಲೆ ಕ್ಲಿಪ್ ಹಾಕಿಸಿಕೊಂಡು, ಅದು ಮುಗಿದ ಬಳಿಕ ಹಲ್ಲು ಮತ್ತೆ ಜರುಗದಂತೆ ಹಿಡಿದಿಡಲು ಕೊಟ್ಟ ಪಾರದರ್ಶಕ ರಿಟೇನರನ್ನು ಕೆಲವು ದಿನ ಹಾಕದೆ ಬಿಟ್ಟ. ಹಲ್ಲು ಸರಿಯಿತು. ಮತ್ತೆ ಹಾಕಿದಾಗ ಹಲ್ಲು ತನ್ನ ಜಾಗಕ್ಕೆ ಬಂತು. ಹಿಡಿದಿಡುವ ವಸ್ತುವೇ ಸರಿಸುವುದಾದರೆ, ಸ್ವಲ್ಪ ಸ್ವಲ್ಪವೇ ಬೇರೆಯಾದ ಕವಚಗಳನ್ನು ಸಾಲಾಗಿ ಹಾಕಿದರೆ ಹೇಗೆ? ಕೆಲ್ಸಿ ವರ್ತ್ ಎಂಬಾಕೆಯ ಜೊತೆ ಸೇರಿ 1997ರಲ್ಲಿ ಕಂಪನಿ ಕಟ್ಟಿದ, ಇನ್ವಿಸಲೈನ್ ಎಂಬ ಅಲೈನರ್ ಹುಟ್ಟಿತು. ಸೋಮಾರಿತನ ಹೀಗೆ ಫಲ ಕೊಟ್ಟ ಉದಾಹರಣೆಗಳನ್ನು ನಾನು ಆಸಕ್ತಿಯಿಂದ ಕೂಡಿಡುತ್ತೇನೆ.

ಒಂದೊಂದು ಕವಚ ಹಲ್ಲನ್ನು ಸರಿಸುವುದು ಸುಮಾರು ಕಾಲು ಮಿಲಿಮೀಟರ್. ವಾರಕ್ಕೋ ಎರಡು ವಾರಕ್ಕೋ ಹೊಸದು. ಒಪ್ಪಂದವಿಷ್ಟೆ: ದಿನಕ್ಕೆ 20ರಿಂದ 22 ಗಂಟೆ ಅದು ಬಾಯಲ್ಲಿರಬೇಕು. ತಿನ್ನುವಾಗ ತೆಗೆಯಬೇಕು, ತಿಂದ ಮೇಲೆ ಹಲ್ಲುಜ್ಜಿ ಹಾಕಬೇಕು. ನೀರೊಂದಕ್ಕೆ ರಿಯಾಯಿತಿ. ಬಿಸಿ ಕಾಫಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಸಾರಿನ ಅರಿಶಿನಕ್ಕೆ ಹಳದಿ ಹಿಡಿಯುತ್ತದೆ.

ಇಲ್ಲಿಗೆ ಬಂದಾಗ ನಮ್ಮ ಕಡೆಯ ಸಂಸಾರ ತಡವರಿಸುತ್ತದೆ. ಕಂಪನಿಯವರು ಬಿಟ್ಟುಕೊಟ್ಟಿರುವುದು ಎರಡು, ಹೆಚ್ಚೆಂದರೆ ನಾಲ್ಕು ಗಂಟೆ. ನಾವೋ ಎದ್ದ ಕೂಡಲೇ ಕಾಫಿ, ಎಂಟೂವರೆಗೆ ತಿಂಡಿ, ಅದರ ಮೇಲೊಂದು ಕಾಫಿ, ಆಫೀಸಿನಲ್ಲಿ ಹನ್ನೊಂದಕ್ಕೆ ಬೈಟು, ಮಧ್ಯಾಹ್ನ ಊಟ, ಮೇಲೆ ಎಲೆ ಅಡಿಕೆ, ಸಂಜೆ ಟೀ ಜೊತೆ ಖಾರದ ಅವಲಕ್ಕಿ, ಅಡುಗೆಮನೆಗೆ ನೀರು ಕುಡಿಯಲು ಹೋದಾಗ ಡಬ್ಬದಿಂದೊಂದು ಚಕ್ಕುಲಿ, ರಾತ್ರಿ ಊಟ, ಮಲಗುವ ಮುಂಚೆ ಹಾಲು. ಪ್ರತಿಸಲವೂ ಕವಚ ಕಿತ್ತು, ಡಬ್ಬಿಗೆ ಹಾಕಿ, ತಿಂದು, ಉಜ್ಜಿ, ತೊಳೆದು ಮತ್ತೆ ಹಾಕುವುದೆಂದರೆ ಅದೊಂದು ವ್ರತವೇ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದವರು ಹಲ್ಲೂ ಕಡಲೆಯೂ ಇದ್ದು ಪುರಸೊತ್ತಿಲ್ಲದ ಸ್ಥಿತಿಯನ್ನು ಊಹಿಸಿರಲಾರರು. ಷಡ್ಡಕರು ಆರು ಕೆಜಿ ಇಳಿದಿದ್ದಾರೆ. ಹಲ್ಲು ನೇರವಾಯಿತೋ ಇಲ್ಲವೋ, ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಸಂತೋಷವಾಗಿದೆ.

ಹಾಗಾದರೆ ಇದು ಯಾರಿಗೆ ಒಗ್ಗುತ್ತದೆ? ಹಲ್ಲು ಅಲ್ಪಸ್ವಲ್ಪ ಒತ್ತೊತ್ತಾಗಿರುವವರಿಗೆ, ನಡುವೆ ಸಂದು ಇರುವವರಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ಹೈಸ್ಕೂಲಿನಲ್ಲಿ ಕ್ಲಿಪ್ ಹಾಕಿಸಿಕೊಂಡು, ಆಮೇಲೆ ರಿಟೇನರನ್ನು ಬೀರುವಿನ ಡಬ್ಬಿಯಲ್ಲಿ ಮರೆತು, ಹಲ್ಲು ಹಳೆಯ ಜಾಗಕ್ಕೆ ಮರಳಿದವರಿಗೆ. ಈ ಬಳಗ ದೊಡ್ಡದು. ನಿಕ್ಕಲ್ ಲೋಹ ಆಗಿಬರದವರಿಗೂ ಅನುಕೂಲ. ನಾಗಸ್ವರ, ಕೊಳಲು ನುಡಿಸುವವರ ತುಟಿಗೆ ತಂತಿ ಚುಚ್ಚುವುದಿಲ್ಲ. ಮೊದಲ ದಿನಗಳಲ್ಲಿ ಮಾತು ಸ್ವಲ್ಪ ತೊದಲುತ್ತದೆ, ಆದರೆ ಶ, ಷ, ಸಗಳ ಭೇದವನ್ನು ಎಂದೋ ಕೈಬಿಟ್ಟವರಿಗೆ ಇದರಿಂದ ಹೊಸ ನಷ್ಟವೇನಿಲ್ಲ.

ದವಡೆಯೇ ಹಿಂದುಮುಂದಾಗಿದ್ದರೆ, ಕೋರೆಹಲ್ಲು ಅಂಗುಳಿನಲ್ಲಿ ಹುದುಗಿದ್ದರೆ, ಹಲ್ಲು ಪೂರಾ ತಿರುಚಿಕೊಂಡಿದ್ದರೆ ಕವಚವೊಂದನ್ನೇ ನಂಬಬಾರದು. ಅಲ್ಲಿ ಹಳೆಯ ಕ್ಲಿಪ್ಪೋ ಶಸ್ತ್ರಚಿಕಿತ್ಸೆಯೋ ಬೇಕಾಗಬಹುದು. ಇನ್ನು, ತೆಗೆದಿಟ್ಟದ್ದನ್ನು ಮರೆಯುವ ಮಕ್ಕಳಿಗೆ ತೆಗೆಯಲಾಗದ ಕ್ಲಿಪ್ಪೇ ವಾಸಿ. ‘ಅದೃಶ್ಯ’ ಎಂಬ ಜಾಹೀರಾತನ್ನೂ ಸ್ವಲ್ಪ ಕಳೆದು ನಂಬಬೇಕು. ಹಿಡಿತಕ್ಕೆಂದು ಹಲ್ಲಿನ ಬಣ್ಣದ ಚಿಕ್ಕ ಚಿಕ್ಕ ಗುಬುಟುಗಳನ್ನು ಅಂಟಿಸುತ್ತಾರೆ, ಹತ್ತಿರ ನಿಂತು ನೋಡಿದವರಿಗೆ ಕಾಣುತ್ತವೆ. ನಮ್ಮ ನೆಂಟರೆಲ್ಲ ಹತ್ತಿರ ನಿಂತೇ ನೋಡುವವರು.

ಎಲ್ಲಿ ಹಾಕಿಸಿಕೊಳ್ಳುತ್ತೇವೆ ಎಂಬುದೂ ಮುಖ್ಯ. ಅಂಚೆಯಲ್ಲೇ ಹಲ್ಲಿನ ಅಚ್ಚು ತರಿಸಿ, ಅಂಚೆಯಲ್ಲೇ ಕವಚ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆಯ ನಡುವೆ ಇದ್ದವರ ಹಲ್ಲುಗಳು ನಡುದಾರಿಯಲ್ಲೇ ನಿಂತವು. ಆದ್ದರಿಂದ ಎಕ್ಸ್‌ರೇ ತೆಗೆಸಿ ಬಾಯನ್ನು ಕಣ್ಣಾರೆ ನೋಡುವ ವೈದ್ಯರ ಹತ್ತಿರವೇ ಹೋಗಿ, ‘ನನಗೆ ಸಾದಾ ಕ್ಲಿಪ್ಪೇ ಸಾಕಲ್ಲವೇ?’ ಎಂದು ಸಂಕೋಚವಿಲ್ಲದೆ ಕೇಳಿ. ಎಲ್ಲ ಮುಗಿದ ಮೇಲೂ ರಾತ್ರಿ ರಿಟೇನರ್ ತಪ್ಪುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಮತ್ತು ಅಲೈನರ್ ಹಾಕಿಸಿಕೊಂಡವರು ನಿಮ್ಮ ಮನೆಗೆ ಬಂದರೆ ಒಂದು ಲೋಟ ತಣ್ಣೀರು ಕೊಟ್ಟು ಕಳಿಸಿ. ‘ಒಂದೇ ಒಂದು ಕೋಡುಬಳೆ’ ಎಂದು ದಯವಿಟ್ಟು ಬಲವಂತ ಮಾಡಬೇಡಿ.