ಎರಡನೇ ಆಯ್ಕೆ

ಮಾವ: ಏನಮ್ಮ ಸುಮಾ, ನೀಟ್ ಪಾಸಾಗಿ ಇಷ್ಟು ದಿನ ಆಯ್ತು, ಇನ್ನೂ ಮನೇಲೇ ಇದ್ದೀಯ?

ಸುಮಾ: ಅಣಕು ಹಂಚಿಕೆಯಲ್ಲಿ ಬೆಂಗಳೂರಲ್ಲೇ ಎಂಬಿಬಿಎಸ್ ಬಂದಿತ್ತು ಮಾವ. ಅದು ಬರೀ ನೋಡೋಕೆ ಅಂತ ಗೊತ್ತಾಗೋ ಹೊತ್ತಿಗೆ ಅಮ್ಮ ಬೀದಿಗೆಲ್ಲ ಪೇಡಾ ಹಂಚಿಬಿಟ್ಟಿದ್ರು.

ಮಾವ: ಅಸಲಿ ಸುತ್ತಿನಲ್ಲಿ?

ಸುಮಾ: ಡೆಂಟಲ್. ಕೆಇಎ, ಅಂದ್ರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಾಲ್ಕು ಆಯ್ಕೆ ಕೊಡುತ್ತೆ. ಒಂದು, ಇದೇ ಸಾಕು. ಎರಡು, ಇದೂ ಇರಲಿ, ಇದಕ್ಕಿಂತ ಒಳ್ಳೇದು ಬಂದ್ರೆ ಅದು. ಮೂರು, ಇದು ಬೇಡ, ಮುಂದಿನ ಸುತ್ತು ನೋಡೋಣ. ನಾಲ್ಕು, ಸಹವಾಸವೇ ಬೇಡ. ನಾನು ಎರಡನೇದು ಹಿಡಿದೆ.

ಮಾವ: ನಿಮ್ಮಕ್ಕನಿಗೆ ಗಂಡು ನೋಡುವಾಗ ನಿಮ್ಮಪ್ಪ ಹಿಡಿದದ್ದೂ ಎರಡನೇದೇ! ಈಗೇನು ಮಾಡ್ತಿದ್ದೀಯ?

ಸುಮಾ: ಅಖಿಲ ಭಾರತ ಕೋಟಾ ಶೇ. 15 ಇದೆಯಲ್ಲ, ನನಗಿಂತ ಮುಂದಿನ ರ್‍ಯಾಂಕಿನವರೆಲ್ಲ ಅಲ್ಲಿಗೆ ಹೋದ್ರೆ ಇಲ್ಲಿ ಜಾಗ ಖಾಲಿ. ಅವರಿಗೆಲ್ಲ ದೆಹಲಿ ಏಮ್ಸ್ ಸಿಗಲಿ ಅಂತ ಅಪ್ಪ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಾರೆ.

ಮಾವ: ಪರರ ಏಳ್ಗೆಗೆ ಹರಕೆ! ನಿಮ್ಮಪ್ಪ ಯಾವತ್ತಿಂದ ಇಷ್ಟು ಒಳ್ಳೆಯವನಾದ? ಅದಿರಲಿ, ಎನ್‌ಆರ್‌ಐ ಕೋಟಾ?

ಸುಮಾ: ಅದಕ್ಕೆ ಕಾಯೋದೇ ಬೇಡ, ಮನೆ ಮಾರಿದ್ರೆ ಸಾಕು.

ಮಾವ: ಕೊನೆಗೂ ಸಿಗದಿದ್ರೆ?

ಸುಮಾ: ಉಳಿದ ಸೀಟುಗಳಿಗೆ ಸ್ಟ್ರೇ ವೇಕೆನ್ಸಿ ಸುತ್ತು ಇದೆ. ಅದೂ ಕೈಕೊಟ್ರೆ ಮತ್ತೆ 720 ಅಂಕದ ಪರೀಕ್ಷೆ.

ಮಾವ: ರೋಗಿಗಳನ್ನು ಕಾಯಿಸೋ ವಿದ್ಯೆ ಡಾಕ್ಟರುಗಳಿಗೆ ಎಲ್ಲಿಂದ ಬಂತು ಅಂತ ಈಗ ತಿಳೀತು ನೋಡು!

ಸೇರುವ ಮನಸ್ಸಿಲ್ಲದೆ ಸೀಟು ಹಿಡಿದು ಕೂತಿರುವ ಮಹನೀಯರೇ, ಗಡುವಿನೊಳಗೆ ಬಿಟ್ಟುಕೊಡಿ. ನಿಮ್ಮ ಹೆಸರಿನಲ್ಲೂ ಎಲ್ಲೋ ಒಂದು ಹರಕೆ ಬಾಕಿ ಇದೆ.